ಹಟ್ಟಿಯ ಬಟ್ಟಲು, ಅಂಗಡಿಯ ಪೊಟ್ಟಣ

"ಮಗು ಏನೂ ಉಣ್ಣುವುದಿಲ್ಲ" ಎಂಬ ಮಾತು ಇಂದು ಕರಾವಳಿಯ ಮನೆಗಳಲ್ಲಿ ಮಳೆಗಾಲದ ನೆಗಡಿಯಷ್ಟೇ ಸಾಮಾನ್ಯವಾಗಿಬಿಟ್ಟಿದೆ. ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಆರೋಗ್ಯ ಕೇಂದ್ರದ ಬೆಂಚಿನ ಮೇಲೆ, ಎಲ್ಲಿ ಇಬ್ಬರು ಎಳೆಯ ತಾಯಂದಿರು ಸೇರಿದರೂ ಮೊದಲ ದೂರು ಇದೇ. ದೂರಿನಲ್ಲಿ ಆರೋಪಿ ಯಾರೆಂಬುದು ಆಗಲೇ ತೀರ್ಮಾನವಾಗಿರುತ್ತದೆ: ಮಗು ಹಟಮಾರಿ. ಸಾಕ್ಷಿ ಹೇಳಲು ಮಗುವಿಗೆ ಮಾತು ಬಾರದಿರುವುದರಿಂದ ಈ ಮೊಕದ್ದಮೆ ಏಕಪಕ್ಷೀಯವಾಗಿಯೇ ಮುಗಿಯುತ್ತದೆ.

ವಾರಾಹಿಯ ದಂಡೆಯ ಹಟ್ಟಿಯಂಗಡಿಯ ಯಾವ ಜಗಲಿಯಲ್ಲಾದರೂ ಈ ದೃಶ್ಯವನ್ನು ಕಾಣಬಹುದು. ಎರಡು ವರ್ಷದ ಕೂಸು. ಅಜ್ಜಿಯ ಕೈಯಲ್ಲಿ ಕುಚ್ಚಲಕ್ಕಿ ಗಂಜಿಯ ಬಟ್ಟಲು, ಅದರ ಬದಿಯಲ್ಲಿ ಹಿಚುಕಿದ ಬಸಳೆಯ ದಂಟು. "ಉಣ್ಣ್ ಮಗಾ, ಇಲ್ದಿರೆ ಗುಮ್ಮ ಬತ್ತ್" ಎಂದು ಅಜ್ಜಿ. ಮಗು ತುಟಿ ಬಿಗಿಹಿಡಿದು ಮುಖ ತಿರುಗಿಸುತ್ತದೆ. ಎರಡನೆಯ ತುತ್ತು ಉಗುಳಲ್ಪಡುತ್ತದೆ. ಮೂರನೆಯದಕ್ಕೆ ಮೊದಲೇ ಮೊಬೈಲಿನಲ್ಲಿ ಕುಣಿಯುವ ಗೊಂಬೆಗಳು ಬರುತ್ತವೆ. ಅದೂ ಸಾಗದಿದ್ದಾಗ ಕಪಾಟಿನಿಂದ ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ಇಳಿಯುತ್ತದೆ. ಮಗು ತಿನ್ನುತ್ತದೆ. ಮನೆ ನಿಟ್ಟುಸಿರು ಬಿಡುತ್ತದೆ. ಗಂಜಿ ಹಟ್ಟಿಯ ಕಲಗಚ್ಚಿಗೆ ಸೇರುತ್ತದೆ.

ಊರಿನ ಹೆಸರಿನಲ್ಲಿಯೇ ಹಟ್ಟಿಯೂ ಇದೆ, ಅಂಗಡಿಯೂ ಇದೆ. ಆ ಹೆಸರಿನ ನಿಜವಾದ ವ್ಯುತ್ಪತ್ತಿಯನ್ನು ಶಾಸನತಜ್ಞರು ಹೇಳಲಿ. ಆದರೆ ಎರಡು ವರ್ಷದ ಮಗುವಿನ ನಾಲಗೆಯ ಮೇಲೆ ನಡೆಯುತ್ತಿರುವ ವ್ಯಾಜ್ಯ ಮಾತ್ರ ಇವೆರಡರ ನಡುವಿನದೇ. ಅದರಲ್ಲಿ ಅಂಗಡಿ ಗೆಲ್ಲುತ್ತಿದೆ. ದಂಡ ತೆರುತ್ತಿರುವುದು ಮಗು.

ಮೊದಲು ಮಗುವಿನ ಪರ ವಾದವನ್ನು ಕೇಳಬೇಕು. ಆರು ತಿಂಗಳಿಂದ ಒಂದು ವರ್ಷದವರೆಗೆ ಕೊಟ್ಟದ್ದನ್ನೆಲ್ಲ ಬಾಯಿಗಿಡುತ್ತಿದ್ದ ಮಗು ನಡೆಯಲು ಕಲಿತ ಮೇಲೆ, ಒಂದೂವರೆ-ಎರಡು ವರ್ಷದ ಹೊತ್ತಿಗೆ, ಹೊಸ ಆಹಾರವನ್ನು ಕಂಡರೆ ಹಿಮ್ಮೆಟ್ಟುತ್ತದೆ. ಇದು ಕುಂದಾಪುರದ ಮಕ್ಕಳ ವಿಶೇಷವಲ್ಲ. ಲೋಕದ ಎಲ್ಲೆಡೆಯ ಮಕ್ಕಳಲ್ಲಿಯೂ ಕಂಡುಬರುವ ಹಂತ. ಮಲೆನಾಡಿನ, ಕರಾವಳಿಯ ಹಾಡಿಗಳನ್ನು ಬಲ್ಲವರಿಗೆ ಇದರ ಕಾರಣ ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ತಾಯಿಯ ತೋಳಿನಲ್ಲಿದ್ದಾಗ ಬಾಯಿಗೆ ಬಂದುದನ್ನು ನಂಬಬಹುದು. ತನ್ನ ಕಾಲ ಮೇಲೆ ತಾನು ತೋಟದ ಅಂಚಿಗೆ ಹೋಗಬಲ್ಲ ಮಗು ಕಂಡಕಂಡ ಎಲೆ, ಕಾಯಿಗಳನ್ನೆಲ್ಲ ನಂಬಿದರೆ ಬದುಕುವುದು ಹೇಗೆ? ಕಾಸರಕನ ಹಣ್ಣು ನೋಡಲು ಚೆಲುವಾಗಿಯೇ ಇರುತ್ತದೆ. ಕಹಿಯನ್ನು ಉಗುಳುವ, ಅಪರಿಚಿತವನ್ನು ಶಂಕಿಸುವ ಆ ಪುಟ್ಟ ನಾಲಗೆ ಸಾವಿರಾರು ತಲೆಮಾರುಗಳ ಕಾಡಿನ ಬದುಕು ಕಲಿಸಿದ ಎಚ್ಚರವನ್ನು ಪಾಲಿಸುತ್ತಿದೆ. ಕೆಸುವಿನ ಎಲೆಯನ್ನು ಹುಳಿ ಹಾಕದೆ ಬೇಯಿಸಿದರೆ ಗಂಟಲು ತುರಿಸುತ್ತದೆ ಎಂಬುದನ್ನು ಬಲ್ಲ ಊರಿನವರು, ಕೆಸುವನ್ನು ಶಂಕಿಸುವ ಮಗುವನ್ನು ಹಟಮಾರಿ ಎನ್ನುವುದು ಸೋಜಿಗ.

ಈ ಶಂಕೆ ಶಾಶ್ವತವಲ್ಲ. ಅದು ಪರಿಚಯದಿಂದ ಕರಗುತ್ತದೆ. ಅಮೆರಿಕದ ಮನೋವಿಜ್ಞಾನಿ ಲಿಯಾನ್ ಬರ್ಚ್ ಮತ್ತು ಆಕೆಯ ಸಹಸಂಶೋಧಕಿ 1982ರಲ್ಲಿ ಪ್ರಕಟಿಸಿದ ಅಧ್ಯಯನ ಸರಳವಾಗಿತ್ತು. ಎರಡು ವರ್ಷದ ಮಕ್ಕಳಿಗೆ ಅವು ಹಿಂದೆ ಕಂಡಿರದ ಆಹಾರಗಳನ್ನು ಕೊಡಲಾಯಿತು. ಒಂದನ್ನು ಎರಡೇ ಬಾರಿ, ಇನ್ನೊಂದನ್ನು ಐದು, ಮತ್ತೊಂದನ್ನು ಹತ್ತು, ಹದಿನೈದು, ಇಪ್ಪತ್ತು ಬಾರಿ. ಹೆಚ್ಚು ಬಾರಿ ಕಂಡ ಆಹಾರವನ್ನೇ ಮಕ್ಕಳು ಹೆಚ್ಚು ಮೆಚ್ಚಿದವು. ಮುಂದೆ ನಡೆದ ಅನೇಕ ಅಧ್ಯಯನಗಳೂ ಇದನ್ನೇ ಹೇಳಿವೆ: ಒಂದು ಹೊಸ ರುಚಿ ಮಗುವಿಗೆ ಒಗ್ಗಲು ಎಂಟು-ಹತ್ತರಿಂದ ಹದಿನೈದು ಬಾರಿಯಾದರೂ ಅದು ಬಟ್ಟಲಿಗೆ ಬರಬೇಕು. ನಮ್ಮ ಮನೆಗಳಲ್ಲಿ ಒಂದೆಲಗದ ತಂಬುಳಿಗೆ ಎಷ್ಟು ಅವಕಾಶ ದೊರೆಯುತ್ತದೆ? ಎರಡು, ಹೆಚ್ಚೆಂದರೆ ಮೂರು. ನಾಲ್ಕನೆಯ ದಿನ "ಇವನಿಗೆ ತಂಬುಳಿ ಆಗುವುದಿಲ್ಲ" ಎಂಬ ತೀರ್ಪು ಹೊರಬೀಳುತ್ತದೆ. ಆ ತೀರ್ಪು ಮಗುವಿನ ಎದುರಿಗೇ, ನೆಂಟರಿಷ್ಟರಿಗೆ, ವರ್ಷಗಟ್ಟಲೆ ಓದಿ ಹೇಳಲ್ಪಡುತ್ತದೆ. ಹತ್ತು ಬಾರಿ ಕೇಳಿದ ಮಾತನ್ನು ಮಗು ನಂಬುತ್ತದೆ. ಹತ್ತು ಬಾರಿ ಕಂಡ ಸೊಪ್ಪನ್ನೂ ಅದು ನಂಬುತ್ತಿತ್ತು.

ಪೊಟ್ಟಣಕ್ಕೆ ಈ ಕಷ್ಟವಿಲ್ಲ. ಸಿಹಿಯನ್ನು ಮೆಚ್ಚುವುದಕ್ಕೆ ಮಗುವಿಗೆ ಕಲಿಕೆಯೇ ಬೇಡ. ಎದೆಹಾಲು ಕೂಡ ಸಿಹಿಯೇ. ಹುಟ್ಟಿನಿಂದ ಬಂದ ಆ ಒಲವನ್ನೇ ವ್ಯಾಪಾರದ ಬಂಡವಾಳ ಮಾಡಿಕೊಂಡವರಿಗೆ ಹದಿನೈದು ದಿನಗಳ ತಾಳ್ಮೆಯ ಅಗತ್ಯ ಬೀಳುವುದಿಲ್ಲ. ಜೊತೆಗೆ ಪೊಟ್ಟಣದ ರುಚಿ ಎಂದೂ ಬದಲಾಗದು. ಇಂದಿನ ಬಸಳೆ ನಿನ್ನೆಯ ಬಸಳೆಯಲ್ಲ: ಒಂದು ದಿನ ದಂಟು ಬಲಿತಿರುತ್ತದೆ, ಒಂದು ದಿನ ಹುಳಿ ಮುಂದು, ಒಂದು ದಿನ ಬೆಳ್ಳುಳ್ಳಿ ಒಗ್ಗರಣೆ ಕಂದಿರುತ್ತದೆ. ಬಿಸ್ಕತ್ತು ಹಟ್ಟಿಯಂಗಡಿಯಲ್ಲಿಯೂ ಒಂದೇ, ಹುಬ್ಬಳ್ಳಿಯಲ್ಲಿಯೂ ಒಂದೇ, ಜ್ಯೇಷ್ಠದಲ್ಲಿಯೂ ಮಾಘದಲ್ಲಿಯೂ ಒಂದೇ. ಬದಲಾವಣೆಯನ್ನು ಅಂಜುವ ವಯಸ್ಸಿನ ಮಗುವಿಗೆ ಬದಲಾಗದ ವಸ್ತುವೊಂದನ್ನು ತಂದೊಡ್ಡಿದ ಮೇಲೆ, ಅದು ಬದಲಾಗುವ ಅನ್ನವನ್ನು ಒಲ್ಲೆನೆಂದರೆ ಅಚ್ಚರಿ ಏಕೆ?

ಶಿಶು ಆಹಾರದ ವ್ಯಾಪಾರವನ್ನು ಕುರಿತು ಈ ದೇಶದಲ್ಲಿ ಕಾಯ್ದೆ ಇಲ್ಲವೆಂದಲ್ಲ. 1992ರ ಶಿಶು ಹಾಲಿನ ಬದಲಿಗಳು, ಹಾಲೂಡುವ ಬಾಟಲಿಗಳು ಮತ್ತು ಶಿಶು ಆಹಾರಗಳ ಕಾಯ್ದೆ ಇದೆ. 2003ರಲ್ಲಿ ಅದನ್ನು ಬಿಗಿಗೊಳಿಸಲಾಯಿತು. ಎರಡು ವರ್ಷದವರೆಗಿನ ಮಕ್ಕಳ ಆಹಾರವನ್ನು ಜಾಹೀರಾತು ಮಾಡುವಂತಿಲ್ಲ. ಇಷ್ಟಾದರೂ ನಡೆದದ್ದೇನು? ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆಯು ಶಿಶು ಆಹಾರ ಕಾರ್ಯಜಾಲದೊಂದಿಗೆ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿಯಂತೆ, ನೆಸ್ಲೆ ಕಂಪನಿ ಭಾರತದಲ್ಲಿ ಮಾರುತ್ತಿದ್ದ, ಅವರು ಪರೀಕ್ಷೆಗೊಳಪಡಿಸಿದ ಎಲ್ಲ ಸೆರೆಲ್ಯಾಕ್ ಮಾದರಿಗಳಲ್ಲಿಯೂ ಸೇರಿಸಿದ ಸಕ್ಕರೆ ಇತ್ತು; ಒಂದು ಬಾರಿಯ ಉಣಿಕೆಗೆ ಸರಾಸರಿ ಸುಮಾರು 3 ಗ್ರಾಂ. ಅದೇ ಕಂಪನಿ ಜರ್ಮನಿ, ಬ್ರಿಟನ್ನುಗಳಲ್ಲಿ ಆರು ತಿಂಗಳ ಕೂಸಿಗೆಂದು ಮಾರುವ ಗೋಧಿಯ ಆಹಾರದಲ್ಲಿ ಸೇರಿಸಿದ ಸಕ್ಕರೆ ಇರಲಿಲ್ಲ. ತಾನು ಇಲ್ಲಿಯ ಕಾನೂನನ್ನು ಪಾಲಿಸಿರುವುದಾಗಿಯೂ ಐದು ವರ್ಷಗಳಲ್ಲಿ ಸಕ್ಕರೆಯನ್ನು ಶೇಕಡ 30ರವರೆಗೆ ಇಳಿಸಿರುವುದಾಗಿಯೂ ಕಂಪನಿ ಉತ್ತರ ಕೊಟ್ಟಿತು. ಅದೇ ವರ್ಷ ಸಂಸ್ಕರಿತ ಸಕ್ಕರೆಯಿಲ್ಲದ ಮಾದರಿಗಳನ್ನೂ ಘೋಷಿಸಿತು. ಒಳ್ಳೆಯದೇ. ಆದರೆ ಸಕ್ಕರೆಯಿಲ್ಲದೆ ತಯಾರಿಸುವ ವಿದ್ಯೆ ಗೊತ್ತಿದ್ದೂ ಬಡ ದೇಶದ ಮಗುವಿಗೆ ಅಷ್ಟು ಕಾಲ ಸಿಹಿಯನ್ನೇ ಉಣಿಸಿದ್ದು ಏಕೆ ಎಂಬ ಪ್ರಶ್ನೆಗೆ ಉತ್ತರ ಆ ಘೋಷಣೆಯಲ್ಲಿ ಇರಲಿಲ್ಲ. ಆರು ತಿಂಗಳ ನಾಲಗೆಗೆ ಕಲಿಸಿದ ಪಾಠ ಎರಡನೆಯ ವರ್ಷ ಗಂಜಿಯ ಬಟ್ಟಲಿನೆದುರು ಫಲ ಕೊಡುತ್ತದೆ. ಆಗ ಕಂಪನಿಯ ಹೆಸರನ್ನು ಯಾರೂ ಎತ್ತುವುದಿಲ್ಲ, ಮಗುವನ್ನು ಬೈಯುತ್ತಾರೆ.

ಇಲ್ಲಿ ಅಡುಗೆಮನೆಯೂ ಒಂದು ಮಾತು ಕೇಳಿಸಿಕೊಳ್ಳಬೇಕು. ರಾಗಿ ಮಣ್ಣಿ ಉತ್ತಮವಾದ ಆಹಾರ; ನೆನೆಸಿ, ಅರೆದು, ಸೋಸಿ, ಕಾಯಿಸಿ ಮಾಡುವ ಅದರ ವಿಧಾನವನ್ನು ಯಾವ ಕಾರ್ಖಾನೆಯೂ ಮೀರಿಸಲಾರದು. ಆದರೆ ಅದಕ್ಕೆ ಹಿಡಿ ಬೆಲ್ಲ ಸುರಿದು "ಬೆಲ್ಲ ಸಕ್ಕರೆಯಲ್ಲ" ಎಂದು ಸಮಾಧಾನಪಟ್ಟುಕೊಳ್ಳುವುದು ಆತ್ಮವಂಚನೆ. ಮಗುವಿನ ನಾಲಗೆಗೆ ಎರಡೂ ಒಂದೇ. ಹಸುಗೂಸಿಗೆ ಜೇನು ನೆಕ್ಕಿಸುವ ಪದ್ಧತಿಯಂತೂ ನಿಲ್ಲಲೇಬೇಕು. ಒಂದು ವರ್ಷ ತುಂಬುವ ಮೊದಲು ಜೇನು ಅಪಾಯಕಾರಿ ಎಂಬುದು ವೈದ್ಯಲೋಕದ ಒಮ್ಮತದ ಮಾತು.

ಇನ್ನು ಬಲವಂತದ ವಿಚಾರ. ಗುಮ್ಮನನ್ನು ಕರೆಯುವುದು, ಮೂಗು ಹಿಡಿದು ಒಳಲೆಯಿಂದ ಸುರಿಯುವುದು, "ಇದನ್ನು ಉಂಡರೆ ಚಾಕಲೇಟು" ಎಂದು ಲಂಚ ಒಡ್ಡುವುದು ಇವೆಲ್ಲ ಪ್ರೀತಿಯ ಹೆಸರಿನಲ್ಲಿ ನಡೆಯುವ ಕೆಲಸಗಳು. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಶಾಲಾಪೂರ್ವ ಮಕ್ಕಳಿಗೆ ತರಕಾರಿಯ ಸೂಪನ್ನು ಎರಡು ಬಗೆಯಲ್ಲಿ ಕೊಡಲಾಯಿತು: ಒಂದನ್ನು "ಮುಗಿಸು, ಮುಗಿಸು" ಎಂದು ಒತ್ತಾಯಿಸುತ್ತ, ಇನ್ನೊಂದನ್ನು ಸುಮ್ಮನೆ ಮುಂದಿಟ್ಟು. ಒತ್ತಾಯವಿಲ್ಲದ ಸೂಪನ್ನೇ ಮಕ್ಕಳು ಹೆಚ್ಚು ಕುಡಿದವು. ಒತ್ತಾಯಿಸಿದ ಸೂಪಿನ ಬಗ್ಗೆ ಹೆಚ್ಚು ದೂರಿದವು. ಲಂಚದ ಗತಿಯೂ ಇದೇ. ಚಾಕಲೇಟನ್ನು ಬಹುಮಾನವಾಗಿಸಿದ ಮರುಕ್ಷಣ ಹರಿವೆ ಸೊಪ್ಪು ಶಿಕ್ಷೆಯಾಗುತ್ತದೆ. ಮೊಬೈಲು ಇವೆಲ್ಲಕ್ಕಿಂತ ನಯವಾದ ಬಲವಂತ: ಮಗು ಉಣ್ಣುತ್ತದೆ, ಆದರೆ ಉಂಡದ್ದು ಏನೆಂದು ನೋಡುವುದಿಲ್ಲ. ಕಾಣದ ಆಹಾರದ ಪರಿಚಯ ಆಗುವುದಾದರೂ ಹೇಗೆ?

ಹಾಗಾದರೆ ಮಗುವಿಗೆ ಎಲ್ಲವನ್ನೂ ಬಿಟ್ಟುಕೊಡಬೇಕೇ? ಈ ಪ್ರಶ್ನೆಗೆ ಸುಮಾರು ನೂರು ವರ್ಷ ಹಿಂದೆಯೇ ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್ ಒಂದು ಪ್ರಯೋಗದಿಂದ ಉತ್ತರ ಹುಡುಕಿದ್ದರು. ಆಗತಾನೆ ಹಾಲು ಬಿಟ್ಟ ಹದಿನೈದು ಶಿಶುಗಳ ಮುಂದೆ ಮೂವತ್ತಕ್ಕೂ ಹೆಚ್ಚು ಬಗೆಯ ಆಹಾರಗಳ ಪಟ್ಟಿಯಿಂದ ಆಯ್ದ ಬಟ್ಟಲುಗಳನ್ನು ಪ್ರತಿ ಊಟಕ್ಕೂ ಇಡಲಾಗುತ್ತಿತ್ತು. ದಾದಿಯರು ಇದನ್ನು ತಿನ್ನು, ಅದನ್ನು ಬಿಡು ಎನ್ನುವಂತಿರಲಿಲ್ಲ. ಮಗು ಕೈತೋರಿದ್ದನ್ನು ಮಾತ್ರ ಚಮಚದಲ್ಲಿ ಕೊಡಬೇಕು. ಒಂದೊಂದು ಮಗುವಿನ ಆಯ್ಕೆಯೂ ವಿಚಿತ್ರ, ಒಂದರಂತೆ ಇನ್ನೊಂದಿಲ್ಲ. ಆದರೂ ತಿಂಗಳುಗಳ ಲೆಕ್ಕದಲ್ಲಿ ಎಲ್ಲ ಮಕ್ಕಳೂ ಚೆನ್ನಾಗಿ ಬೆಳೆದವು. 1939ರಲ್ಲಿ ಫಲಿತಾಂಶವನ್ನು ಮುಂದಿಟ್ಟ ಡೇವಿಸ್ ಒಂದು ಮಾತನ್ನು ಮರೆಮಾಚಲಿಲ್ಲ: ಇದರ ಗುಟ್ಟು ಆಹಾರದ ಪಟ್ಟಿಯಲ್ಲಿತ್ತು. ಆ ಪಟ್ಟಿಯಲ್ಲಿ ಸಕ್ಕರೆಯಿರಲಿಲ್ಲ, ಕಾರ್ಖಾನೆಯ ಪೊಟ್ಟಣವಿರಲಿಲ್ಲ. ಸಹಜವಾದ ಧಾನ್ಯ, ಹಣ್ಣು, ತರಕಾರಿ, ಹಾಲು, ಮಾಂಸ, ಮೊಟ್ಟೆಗಳಷ್ಟೇ ಇದ್ದವು. ಮಗು ಏನನ್ನು ಆರಿಸಿದರೂ ಸೋಲುವಂತಿರಲಿಲ್ಲ.

ಎಂದರೆ, ಆಯ್ಕೆ ಮಗುವಿನದು, ಪಟ್ಟಿ ಹಿರಿಯರದು. ಹಟ್ಟಿಯಂಗಡಿಯ ಮಗುವಿನ ಪಟ್ಟಿಯನ್ನು ಇಂದು ಬರೆಯುತ್ತಿರುವವರು ಯಾರು?

ಒಂದು ತಲೆಮಾರಿನ ಹಿಂದೆ ಆ ಪಟ್ಟಿಯನ್ನು ಗದ್ದೆ, ಹೊಳೆ, ಹಾಡಿಗಳು ಬರೆಯುತ್ತಿದ್ದವು. ಗದ್ದೆಯಂಚಿನ ಒಂದೆಲಗ, ಹೊನಗನ್ನೆ. ಮೊದಲ ಮಳೆಗೆ ಏಳುವ ಚಗಟೆ. ಆಸಾಡಿಯ ಕೆಸು, ಕಳಲೆ. ಬೇಲಿಯ ಬಸಳೆ, ಹಿತ್ತಿಲ ಹರಿವೆ, ಕೂವೆಗಡ್ಡೆಯ ಹುಡಿ. ಗಂಗೊಳ್ಳಿಯ ಕಡೆಯಿಂದ ಬುಟ್ಟಿ ಹೊತ್ತು ಬರುವ ಬೂತಾಯಿ, ಹೊಳೆಯ ಮರುವಾಯಿ. ಬೇಸಿಗೆಯಲ್ಲಿ ಕಾಟುಮಾವು, ಹಲಸು, ಹೆಬ್ಬಲಸು, ನೇರಳೆ, ಕುಂಟನೇರಳೆ, ಕರಂಡೆ, ಕೇಪಳ, ಮುರುಗಲು. ಮಗು ನಾಲ್ಕು ವರ್ಷ ತುಂಬುವ ಮೊದಲೇ ಹುಳಿ, ಒಗರು, ಕಹಿ, ಕಮಟು ಎಲ್ಲವನ್ನೂ ಅಣ್ಣ-ಅಕ್ಕಂದಿರ ಬೆನ್ನ ಹಿಂದೆ ನಡೆಯುತ್ತಲೇ ಅರಿಯುತ್ತಿತ್ತು. ಬೇರೆ ಮಕ್ಕಳು ತಿನ್ನುವುದನ್ನು ಕಂಡು ತಿನ್ನುವುದಕ್ಕಿಂತ ದೊಡ್ಡ ಪಾಠವಿಲ್ಲ.

ಈ ಪಟ್ಟಿ ತಾನಾಗಿ ಅಳಿಯಲಿಲ್ಲ. ಹಾಡಿಗಳಲ್ಲಿ ಅಕೇಶಿಯಾ ನೆಡುವಾಗ, ಅದರ ಬುಡದಲ್ಲಿ ಮಗುವೊಂದು ಆರಿಸಿ ತಿನ್ನುವ ಹಣ್ಣು ಯಾವುದು ಎಂದು ಯಾರೂ ಕೇಳಲಿಲ್ಲ. ತೋಟಕ್ಕೂ ಗದ್ದೆಯಂಚಿಗೂ ಕಳೆನಾಶಕ ಬಂತು. ಕೂಲಿಯಾಳು ಸಿಗದ ರೈತನ ಸಂಕಟ ನಿಜ; ಆದರೆ ಕಳೆನಾಶಕದ ಡಬ್ಬಿಗೆ ಒಂದೆಲಗವೂ ಕಳೆಯೇ. ಸಿಂಪಡಿಸಿದ ಅಂಚಿನಿಂದ ಸೊಪ್ಪು ತಂದು ಎರಡು ವರ್ಷದ ಮಗುವಿಗೆ ತಂಬುಳಿ ಮಾಡಿಕೊಡುವ ಧೈರ್ಯ ಯಾವ ತಾಯಿಗಿದೆ? ಆಕೆ ಅಂಗಡಿಗೆ ಹೋಗುತ್ತಾಳೆ. ಆಗ ಆಕೆಯನ್ನು ಆಧುನಿಕಳೆಂದು ಹಂಗಿಸುವವರ ಕೈಯಲ್ಲಿಯೇ ಸಿಂಪಡಿಸುವ ಪಂಪು ಇರುತ್ತದೆ.

"ಹಿಂದಿನ ಕಾಲದಲ್ಲಿ ಮಕ್ಕಳು ಕೊಟ್ಟದ್ದನ್ನು ಉಣ್ಣುತ್ತಿದ್ದವು" ಎಂಬ ಹಿರಿಯರ ಮಾತಿಗೂ ಇಲ್ಲಿ ಒಂದು ತಡೆ ಬೇಕು. ಅನೇಕ ಮನೆಗಳಲ್ಲಿ ಅವು ಉಣ್ಣುತ್ತಿದ್ದುದು ಬೇರೇನೂ ಇಲ್ಲದ್ದರಿಂದ. ಒಡೆಯರ ಗದ್ದೆಯಲ್ಲಿ ದುಡಿದ ತಾಯಿಯ ಮಗುವಿಗೆ ಗಂಜಿಯ ತಿಳಿಯೇ ಊಟವಾಗಿದ್ದ ದಿನಗಳನ್ನು ಕರಾವಳಿ ಇನ್ನೂ ಮರೆತಿಲ್ಲ. ಹಸಿವನ್ನು ಸಂಸ್ಕೃತಿಯೆಂದು ಹಾಡಿ ಹೊಗಳಬೇಕಾಗಿಲ್ಲ. ಮರಳಿ ಬೇಕಾದದ್ದು ಪಟ್ಟಿಯ ವೈವಿಧ್ಯ. ಬಾಣಂತಿಗೆ ಪಥ್ಯದ ಹೆಸರಿನಲ್ಲಿ ಸೊಪ್ಪು, ಹಣ್ಣು, ಮೀನುಗಳನ್ನು ತಿಂಗಳುಗಟ್ಟಲೆ ನಿಷೇಧಿಸುವ ಮನೆಗಳ ಕಟ್ಟಳೆಯನ್ನೂ ಪರೀಕ್ಷಿಸಬೇಕಾಗಿದೆ. ತಾಯಿ ಉಂಡದ್ದರ ಪರಿಮಳ ಎದೆಹಾಲಿಗೆ ಇಳಿಯುತ್ತದೆ. ಗರ್ಭಿಣಿಯಾಗಿದ್ದಾಗಲೋ ಹಾಲೂಡಿಸುವಾಗಲೋ ಕ್ಯಾರೆಟ್ಟಿನ ರಸ ಕುಡಿದ ತಾಯಂದಿರ ಮಕ್ಕಳು ಮುಂದೆ ಕ್ಯಾರೆಟ್ಟಿನ ರುಚಿಯ ಆಹಾರವನ್ನು ಹೆಚ್ಚು ಸಲೀಸಾಗಿ ಒಪ್ಪಿದವೆಂದು 2001ರಲ್ಲಿ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು ತೋರಿಸಿದರು. ಬಾಣಂತಿಯ ಎಲೆಯಿಂದ ಬಸಳೆಯನ್ನು ತೆಗೆದುಹಾಕಿದವರೇ ಎರಡು ವರ್ಷದ ನಂತರ ಮಗು ಬಸಳೆ ಒಲ್ಲದೆಂದು ಗೊಣಗುತ್ತಾರೆ.

ಇದೆಲ್ಲದರ ಭಾರವನ್ನು ತಾಯಿಯ ತಲೆಗೆ ಹೊರಿಸುವುದು ಸುಲಭ, ಅನ್ಯಾಯ. ಬೆಳಿಗ್ಗೆ ಗೇರುಬೀಜದ ಕಾರ್ಖಾನೆಗೆ ಹೊರಡುವ, ಸಂಜೆ ಬೀಡಿ ಕಟ್ಟಲು ಕೂರುವ ಹೆಣ್ಣಿಗೆ ಒಂದೇ ಸೊಪ್ಪನ್ನು ಹದಿನೈದು ಬಾರಿ ನಗುನಗುತ್ತ ಮುಂದಿಡಲು ಬಿಡುವೆಲ್ಲಿದೆ? ಉಗುಳಿದ ತುತ್ತು ಆಕೆಗೆ ನಷ್ಟವಾದ ಕಾಸು. ಬಿಸ್ಕತ್ತು ಎಂದೂ ವ್ಯರ್ಥವಾಗದು. ಬಡತನದ ಲೆಕ್ಕಾಚಾರದಲ್ಲಿ ಅದೇ ಜಾಣತನ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆ (2019-21) ಹೇಳುವಂತೆ ದೇಶದ 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಮತ್ತು ಸಮರ್ಪಕ ಆಹಾರ ದೊರೆಯುತ್ತಿದ್ದುದು ಶೇಕಡ 11.3 ಮಕ್ಕಳಿಗೆ ಮಾತ್ರ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 65.5ರಷ್ಟು ರಕ್ತಹೀನರು, ಹಿಂದಿನ ಸಮೀಕ್ಷೆಗಿಂತ ಇದು ಹೆಚ್ಚು. ಇಷ್ಟೊಂದು ಮಕ್ಕಳೂ ಹಟಮಾರಿಗಳೇ? ಇಷ್ಟೊಂದು ತಾಯಂದಿರೂ ಅಜ್ಞಾನಿಗಳೇ?

ತಾಳ್ಮೆಗೆ ಸಂಬಳ ಕೊಡುವ ಒಂದು ಜಾಗವನ್ನು ಈ ದೇಶ 1975ರ ಅಕ್ಟೋಬರ್ 2ರಂದೇ ಕಟ್ಟಲು ಆರಂಭಿಸಿತ್ತು. ಅದು ಅಂಗನವಾಡಿ. ಮೊದಲ ಮೂವತ್ತಮೂರು ಯೋಜನಾ ಪ್ರದೇಶಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಹತ್ತು-ಇಪ್ಪತ್ತು ಮಕ್ಕಳು ಸಾಲಾಗಿ ಕೂತು, ಪಕ್ಕದವನ ತಟ್ಟೆಯನ್ನು ಕದ್ದು ನೋಡುತ್ತ ಉಣ್ಣುವ ಆ ಕೋಣೆಗಿಂತ ಉತ್ತಮವಾದ ರುಚಿಯ ಶಾಲೆ ಇನ್ನೊಂದಿಲ್ಲ. ಅದರ ಮೇಲೂ ಪೊಟ್ಟಣದ ಕಣ್ಣು ಬಿದ್ದಿತ್ತು. ಆಹಾರ ಪೂರೈಕೆಗೆ ಗುತ್ತಿಗೆದಾರರನ್ನು ಬಳಸಕೂಡದು, ಸ್ಥಳೀಯ ಸಮುದಾಯ, ಸ್ವಸಹಾಯ ಗುಂಪು, ಮಹಿಳಾ ಮಂಡಲಗಳ ಮೂಲಕ ನಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವೇ 2004ರ ಅಕ್ಟೋಬರ್ 7ರಂದು ಆದೇಶಿಸಬೇಕಾಯಿತು. ಶಾಲೆಯ ಬಿಸಿಯೂಟವನ್ನಂತೂ ಬಿಸ್ಕತ್ತಿನಿಂದ ಬದಲಿಸಬಹುದೆಂದು ಬಿಸ್ಕತ್ತು ತಯಾರಕರ ಸಂಘವು 2007ರ ಸುಮಾರಿಗೆ ಸಂಸದರಿಗೆ ಪತ್ರ ಬರೆಯಿತು. ಹಲವು ಸಂಸದರು ಆ ಪತ್ರವನ್ನು ಹೊತ್ತುಕೊಂಡು ಮಂತ್ರಿಗಳ ಬಾಗಿಲಿಗೂ ಹೋದರು. ಆ ಪ್ರಸ್ತಾಪ ಬಿದ್ದುಹೋಯಿತು. ಅದು ಬೀಳದೇ ಇದ್ದಿದ್ದರೆ ಇಂದು ನಮ್ಮ ಶಾಲೆಗಳಲ್ಲಿ ಹುಳಿಯ ಒಗ್ಗರಣೆಯ ಪರಿಮಳದ ಬದಲು ಪೊಟ್ಟಣ ಹರಿಯುವ ಸದ್ದು ಕೇಳಿಸುತ್ತಿತ್ತು.

ಅಂಗನವಾಡಿಯ ತಟ್ಟೆಗೆ ಆಯಾ ಸೀಮೆಯ ಆಹಾರ ಬರಬೇಕೆಂಬ ಬೇಡಿಕೆಯನ್ನು ಮಲೆಯ ಮೇಲಿನವರೂ ಕರಾವಳಿಯವರೂ ಒಟ್ಟಾಗಿ ಎತ್ತಬೇಕಾಗಿದೆ. ಮನೆಯಲ್ಲಿ ಕುಚ್ಚಲಕ್ಕಿ ಉಣ್ಣುವ ಮಗುವಿಗೆ ಬೆಳ್ತಿಗೆ ಅನ್ನ ಬಡಿಸಿ ಉಣ್ಣದಿದ್ದಾಗ ದೂರುವುದು ಏತರ ನ್ಯಾಯ? ಭತ್ತವನ್ನು ಬೇಯಿಸಿ ಅಕ್ಕಿ ಮಾಡಿದಾಗ ಹೊರಪದರದ ಬಿ ಜೀವಸತ್ವಗಳು ಕಾಳಿನೊಳಕ್ಕೆ ಇಳಿಯುತ್ತವೆ. ಪೋಷಣೆಯ ದೃಷ್ಟಿಯಿಂದಲೂ ಕುಚ್ಚಲಕ್ಕಿಯದೇ ಮೇಲುಗೈ. ಪಡಿತರಕ್ಕೆ ಸ್ಥಳೀಯ ಕುಚ್ಚಲಕ್ಕಿ ಬೇಕೆಂಬ ಕರಾವಳಿಯ ಹಳೆಯ ಕೂಗಿನೊಳಗೆ ಮಗುವಿನ ಊಟದ ಪ್ರಶ್ನೆಯೂ ಅಡಗಿದೆ. ಪ್ರತಿ ಅಂಗನವಾಡಿಯ ಹಿತ್ತಿಲಿನಲ್ಲಿ ಒಂದು ಬಸಳೆಯ ಚಪ್ಪರ, ಒಂದು ಹರಿವೆಯ ಪಾತಿ, ಒಂದು ನುಗ್ಗೆಯ ಗಿಡ ಇರಬೇಕು. ತಾನು ನೀರು ಹಾಕಿದ ಗಿಡದ ಸೊಪ್ಪು ಮಗುವಿಗೆ ಅಪರಿಚಿತವಾಗಿ ಉಳಿಯುವುದಿಲ್ಲ. ಜಾಗವಿಲ್ಲವೆಂಬ ನೆಪವನ್ನು ಪಂಚಾಯತಿಗಳು ಹೇಳಬಾರದು. ಬಸಳೆಗೆ ಬೇಕಾದದ್ದು ಒಂದು ಬುಡ, ನಾಲ್ಕು ಕಂಬ.

ಮನೆಯ ಮಟ್ಟಿಗೆ ಮಾಡಬೇಕಾದದ್ದು ಬಹಳವಿಲ್ಲ. ಇರುವುದನ್ನು ದಿನವೂ ಮಾಡಬೇಕು. ಮಗುವನ್ನು ಹಿರಿಯರ ಊಟದ ಹೊತ್ತಿಗೇ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಮೆಚ್ಚಿನ ಗಂಜಿಯ ಬದಿಗೆ ಹೊಸದೊಂದು ಪದಾರ್ಥ, ಬೆರಳ ತುದಿಯಷ್ಟು. ಮುಟ್ಟಲಿ, ಹಿಚುಕಲಿ, ನೆಕ್ಕಲಿ, ಉಗುಳಲಿ. ಯಾರೂ ಹೊಗಳಬೇಡಿ, ಯಾರೂ ಗದರಬೇಡಿ. ನಾಲ್ಕು ದಿನ ಬಿಟ್ಟು ಮತ್ತೆ ಅದೇ. ಊಟಕ್ಕೆ ಮುಂಚಿನ ಎರಡು ಗಂಟೆ ಬಿಸ್ಕತ್ತು, ಚಹಾ, ಡಬ್ಬಿಯ ಹಾಲುಪುಡಿ ಯಾವುದೂ ಬೇಡ. ಹಸಿವೆಯಿಲ್ಲದ ಹೊಟ್ಟೆಗೆ ಅಮೃತವೂ ಸೇರದು. ಬೂತಾಯಿಯ ಮುಳ್ಳನ್ನು ಬೆಳಕಿನಲ್ಲಿ ಕೈಯಾರೆ ತಡಕಿ ತೆಗೆಯಬೇಕು. ಇಡೀ ನೆಲಗಡಲೆ, ಇಡೀ ಹಲಸಿನ ಬೀಜ ಗಂಟಲಿಗೆ ಸಿಲುಕುತ್ತವೆ, ಅರೆದೇ ಕೊಡಬೇಕು. ತೂಕ ಏರದ, ಯಾವ ಗಟ್ಟಿ ಪದಾರ್ಥವನ್ನೂ ನುಂಗಲಾರದ, ಪ್ರತಿ ಊಟಕ್ಕೂ ಕೆಮ್ಮಿ ಬಿಕ್ಕಳಿಸುವ ಮಗುವಿನ ಮಾತು ಬೇರೆ. ಅದನ್ನು ವೈದ್ಯರ ಬಳಿಗೆ ಒಯ್ಯಬೇಕೇ ಹೊರತು ಅಂಗಡಿಗೂ ಅಲ್ಲ, ಮಂತ್ರವಾದಿಯ ಬಳಿಗೂ ಅಲ್ಲ.

ಈ ಮಳೆಗಾಲಕ್ಕೆ ಮುಂಚೆ ಸೇರುವ ಗ್ರಾಮಸಭೆಗಳಲ್ಲಿ ಎರಡು ಪ್ರಶ್ನೆಗಳನ್ನು ತಪ್ಪದೆ ಎತ್ತಬೇಕು. ಅಂಗನವಾಡಿ ಮತ್ತು ಶಾಲೆಯ ಸುತ್ತಲಿನ ಅಂಚು, ತೋಡು, ಹಾಡಿಗಳಿಗೆ ಈ ವರ್ಷ ಕಳೆನಾಶಕ ಸಿಂಪಡಿಸುವವರು ಯಾರು, ಅವರಿಗೆ ಅನುಮತಿ ಕೊಟ್ಟವರು ಯಾರು? ಅಕೇಶಿಯಾ ಕಡಿದ ಜಾಗದಲ್ಲಿ ಮುಂದೆ ನೆಡುವ ಸಸಿಗಳ ಪಟ್ಟಿಯಲ್ಲಿ ನೇರಳೆ, ಹೆಬ್ಬಲಸು, ಮುರುಗಲು, ಕಾಟುಮಾವುಗಳು ಎಷ್ಟಿವೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿಕೊಂಡು ಬರಬೇಕು. ಅಂಗನವಾಡಿಯ ಬಾಗಿಲಲ್ಲಿ ಕೂತ ಮಗು ಆಸಾಡಿಯ ಮಳೆಯಲ್ಲಿ ಕೈ ಚಾಚಿದಾಗ ಮುರಿಯಲು ಒಂದೆಲಗದ ಎಲೆಯಾದರೂ ಅಲ್ಲಿ ಇರಬೇಕಲ್ಲ.